ಪಾಲುಪಟ್ಟಿ ಮತ್ತು ಪಿಸ್ತೂಲು

ಬೊಂಬಾಯಿಯ ಮಲಾಡಿನಲ್ಲಿ ಕುದುರೆ ನೋಡಬೇಕೆಂದರೆ ಮದುವೆಯ ಸೀಸನ್ನಿಗೆ ಬರಬೇಕು. ಎಸ್.ವಿ. ರೋಡಿನ ನಟ್ಟನಡುವೆ, ಬೆಸ್ಟ್ ಬಸ್ಸಿಗೂ ರಿಕ್ಷಾಗಳಿಗೂ ಮಧ್ಯೆ, ಜರಿಪೇಟ ಸುತ್ತಿದ ಮದುಮಗ ಬಿಳಿ ಕುದುರೆ ಏರಿ ಬೆವರುತ್ತಿರುತ್ತಾನೆ. ಕತ್ತಿ ಅವನ ಕೈಯಲ್ಲಿ, ಲಗಾಮು ಕುದುರೆಯ ಮಾಲೀಕನ ಕೈಯಲ್ಲಿ. ಮುಂದೆ ಬ್ಯಾಂಡಿನವರು, ಹಿಂದೆ ಹಾರ್ನಿನವರು. ಈ ಮೆರವಣಿಗೆ ಕಂಡಾಗಲೆಲ್ಲ ನನಗೆ ಗ್ಯಾರಿ ಕೂಪರ್ ನೆನಪಾಗುತ್ತಾನೆ. ನಗಬೇಡಿ, ಕಾರಣವಿದೆ. ‘ಹೈ ನೂನ್’ (1952) ಚಿತ್ರ ಶುರುವಾಗುವುದೇ ಮದುವೆಯಿಂದ. ಮಾರ್ಷಲ್ ವಿಲ್ ಕೇನ್ ಮದುವೆಯಾಗಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹೆಂಡತಿಯೊಡನೆ ಊರು ಬಿಡುವ ಹೊತ್ತಿಗೆ ಸುದ್ದಿ ಬರುತ್ತದೆ: ತಾನು ಜೈಲಿಗೆ ಕಳಿಸಿದ್ದ ಫ್ರಾಂಕ್ ಮಿಲ್ಲರ್ ಬಿಡುಗಡೆಯಾಗಿದ್ದಾನೆ, ಮಧ್ಯಾಹ್ನದ ಗಾಡಿಗೆ ಬಂದಿಳಿಯುತ್ತಾನೆ. ಅವನ ತಮ್ಮನೂ ಇನ್ನಿಬ್ಬರೂ ಆಗಲೇ ಸ್ಟೇಷನ್ನಿನಲ್ಲಿ ಕಾದು ಕೂತಿದ್ದಾರೆ. ಮದುಮಗಳು ಗ್ರೇಸ್ ಕೆಲ್ಲಿ ಕ್ವೇಕರ್ ಪಂಥದವಳು, ಬಂದೂಕು ಮುಟ್ಟುವುದೇ ಪಾಪ ಎನ್ನುವವಳು. ಹೊಸ ಹೆಂಡತಿಯ ಮಾತು ಕೇಳುವುದೋ, ಹಳೆಯ ಕೆಲಸದ ಋಣ ತೀರಿಸುವುದೋ? ಊರಿನವರೆಲ್ಲ ಒಬ್ಬೊಬ್ಬರಾಗಿ ನೆಪ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಗಾಡಿಯೋ, ಹೇಳಿದ ಹೊತ್ತಿಗೆ ಸರಿಯಾಗಿ ಬಂದುಬಿಡುತ್ತದೆ.

ಎಡವಟ್ಟಾದದ್ದು ಅಲ್ಲೇ ನೋಡಿ. ನಮ್ಮ ಬೊರಿವಿಲಿ ಸ್ಲೋ ಲೋಕಲ್ ಆಗಿದ್ದರೆ ಸಿಗ್ನಲ್ಲಿನ ತಕರಾರು, ಮಳೆಗಾಲವಾಗಿದ್ದರೆ ಹಳಿಯ ಮೇಲೆ ನೀರು, ಏನಾದರೂ ಒಂದಾಗಿ ಗಾಡಿ ತಡವಾಗುತ್ತಿತ್ತು. ಅಷ್ಟರಲ್ಲಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದ ತಮ್ಮನಿಗೆ ಒಂದು ಕಟಿಂಗ್ ಚಹಾ ಕುಡಿಸಿ ಯಾರಾದರೂ ರಾಜಿ ಮಾಡಿಸುತ್ತಿದ್ದರು. ದ್ವೇಷಕ್ಕೂ ಸಮಯಪಾಲನೆ ಬೇಕು ಸ್ವಾಮಿ.

ಈ ಮಾತು ನಾನು ಆಡಿದ್ದು ನಮ್ಮ ಕಟ್ಟಡದ ಕೆಳಗೆ. ನಮಗೆ ಜಗಲಿಯಿಲ್ಲ. ಇದ್ದ ಬಾಲ್ಕನಿಗಳನ್ನೂ ಗ್ರಿಲ್ ಹಾಕಿ ಕೋಣೆಯೊಳಗೆ ಸೇರಿಸಿಕೊಂಡಾಗಿದೆ. ಹರಟೆಗೆ ಉಳಿದಿರುವುದು ವಾಚ್‌ಮನ್ನನ ಕುರ್ಚಿಯ ಪಕ್ಕದ ಸಿಮೆಂಟಿನ ಕಟ್ಟೆ ಒಂದೇ. ಅಲ್ಲಿಯ ಖಾಯಂ ಅಧ್ಯಕ್ಷರು ಕುಂದಾಪುರದ ಕಡೆಯ ಹಿರಿಯರೊಬ್ಬರು. ಹುಡುಗರಿದ್ದಾಗ ಬೊಂಬಾಯಿಗೆ ಬಂದು, ಹಗಲು ಟೇಬಲ್ಲು ಒರೆಸಿ, ಸಂಜೆ ಕನ್ನಡದ ರಾತ್ರಿಶಾಲೆಯಲ್ಲಿ ಕಲಿತು, ಕೊನೆಗೆ ಹೋಟೆಲಿನ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ರಜೆಯ ದಿನ ಮೆಟ್ರೊ, ಸ್ಟ್ರ್ಯಾಂಡ್, ನ್ಯೂ ಎಂಪೈರ್ ಎಂದು ಟಾಕೀಸು ಸುತ್ತಿ ಕೌಬಾಯ್ ಚಿತ್ರಗಳನ್ನೆಲ್ಲ ಅರೆದು ಕುಡಿದಿದ್ದಾರೆ. ಇಂಗ್ಲಿಷ್ ಅರ್ಥವಾಗುತ್ತಿತ್ತೇ ಎಂದು ಕೇಳಿದರೆ, “ಅವರು ಮಾತಾಡುವುದೇ ಕಮ್ಮಿ ಅಲ್ವಾ? ನನಗೆ ಬರುವಷ್ಟೇ ಇಂಗ್ಲಿಷ್ ಅವರಿಗೂ ಬರೂದು” ಎನ್ನುತ್ತಾರೆ. ಕೌಬಾಯ್ ಚಿತ್ರಗಳ ಬಗ್ಗೆ ಅವರ ತೀರ್ಪು ಎಂದೋ ಆಗಿಹೋಗಿದೆ: “ಎಂತ ಕೌಬಾಯ್ ಮಾರಾಯ್ರೆ, ಅದು ಪಾಲಿನ ಪಂಚಾತಿಗೆ. ಅಲ್ಲಿ ಕೋರ್ಟಿಲ್ಲ, ಹಾಗಾಗಿ ಎರಡು ಗಂಟೆಯಲ್ಲಿ ಮುಗೀತದೆ.”

ಯೋಚಿಸಿದರೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನೆಲ್ಲೂ ಓದಿಲ್ಲ. ಹವರ್ಡ್ ಹಾಕ್ಸ್‌ನ ‘ರೆಡ್ ರಿವರ್’ (1948) ತೆಗೆದುಕೊಳ್ಳಿ. ಜಾನ್ ವೇಯ್ನ್ ಅದರಲ್ಲಿ ಡನ್ಸನ್ ಎಂಬ ಹಟಮಾರಿ. ಟೆಕ್ಸಾಸಿನಲ್ಲಿ ಯಾರದೋ ಜಮೀನನ್ನು ಬಂದೂಕಿನ ಬಲದಿಂದ ತನ್ನದೆಂದು ಸಾರಿ ದನ ಸಾಕುತ್ತಾನೆ. ಅನಾಥ ಹುಡುಗ ಮ್ಯಾಟ್‌ನನ್ನು ಮಗನಂತೆ ಬೆಳೆಸುತ್ತಾನೆ. ಡನ್ಸನ್ ದನಕ್ಕೆ ಹಾಕುವ ಬರೆಯ ಗುರುತಿನಲ್ಲಿ ತನ್ನ ಹೆಸರಿನ ಮೊದಲಕ್ಷರ ಬರೆದಾಗ ಆ ಹುಡುಗ ಕೇಳುವ ಪ್ರಶ್ನೆ ಏನು ಗೊತ್ತೇ? ಇದರಲ್ಲಿ ನನ್ನ ಅಕ್ಷರ ಎಲ್ಲಿ? ಅದನ್ನು ನೀನು ಗಳಿಸಿಕೊಳ್ಳಬೇಕು ಎನ್ನುತ್ತಾನೆ ಸಾಕಿದಪ್ಪ. ಅಷ್ಟೇ ಸ್ವಾಮಿ, ಇಡೀ ಚಿತ್ರ ಅಷ್ಟೇ. ಅಂಗಡಿಯ ಬೋರ್ಡಿನಲ್ಲಿ ‘ಮತ್ತು ಮಕ್ಕಳು’ ಎಂದು ಬರೆಸುವುದು ಯಾವಾಗ ಎಂಬ ಪ್ರಶ್ನೆ. ಆಮೇಲೆ ಸಾವಿರಗಟ್ಟಲೆ ದನಗಳನ್ನು ಹೊಡೆದುಕೊಂಡು ಹೋಗುವ ದಾರಿಯಲ್ಲಿ ಅಪ್ಪನಿಗೆ ತಲೆ ಕೆಡುತ್ತದೆ, ಓಡಿಹೋದ ಆಳುಗಳನ್ನು ನೇಣು ಹಾಕುತ್ತೇನೆ ಎನ್ನುತ್ತಾನೆ. ಮಗ ತಿರುಗಿ ಬಿದ್ದು ಮಂದೆಯನ್ನು ತಾನೇ ನಡೆಸುತ್ತಾನೆ. ನಿನ್ನನ್ನು ಕೊಂದೇ ಕೊಲ್ಲುತ್ತೇನೆ ಎಂದು ಅಪ್ಪ ಹಿಂದೆ ಬೀಳುತ್ತಾನೆ. ಈ ನ್ಯಾಯದಲ್ಲಿ ಯಾರ ಕಡೆ ಹೇಳುವುದು? ಮಗನದು ದ್ರೋಹವೇ ಹೌದು, ಆದರೆ ಮಾಡದಿದ್ದರೆ ಅನ್ಯಾಯಕ್ಕೆ ಜೊತೆಯಾದಂತೆ. ಅಪ್ಪನದು ಕ್ರೌರ್ಯವೇ ಹೌದು, ಆದರೆ ಹುಲ್ಲುಗಾವಲಿನಲ್ಲಿ ಒಬ್ಬಂಟಿ ಹುಡುಗನಿಗೆ ಅನ್ನ ಹಾಕಿದ ಕೈಯೂ ಅದೇ.

ಕೊನೆ ನೋಡಬೇಕು ನೀವು. ಅಬಿಲೀನ್ ಊರಿನಲ್ಲಿ ಇಬ್ಬರೂ ಎದುರುಬದುರಾಗಿ, ಹೊಡೆದಾಡಿ, ಧೂಳಿನಲ್ಲಿ ಹೊರಳಾಡುತ್ತಿರುವಾಗ ಟೆಸ್ ಎಂಬ ಹುಡುಗಿ ಬಂದೂಕು ಹಾರಿಸಿ, ಇಬ್ಬರಿಗೂ ಛೀಮಾರಿ ಹಾಕುತ್ತಾಳೆ: ಒಬ್ಬರನ್ನೊಬ್ಬರು ಪ್ರೀತಿಸುತ್ತೀರಿ, ನಾಟಕ ಯಾಕೆ ಎಂಬ ಧಾಟಿಯಲ್ಲಿ. ಇಬ್ಬರು ಗಂಡಸರೂ ಪೆಚ್ಚಾಗುತ್ತಾರೆ. ಅಪ್ಪ ಮಣ್ಣಿನ ಮೇಲೆ ಬೆರಳಿನಿಂದ ಹೊಸ ಬರೆಯ ಗುರುತು ಗೀಚಿ ಮಗನ ಅಕ್ಷರವನ್ನೂ ಸೇರಿಸುತ್ತಾನೆ. ಇದು ಚಿತ್ರದ ದೊಡ್ಡ ದೋಷ, ಅಷ್ಟು ಕಟ್ಟಿದ ಬಿಗಿಯನ್ನು ಕೊನೆಗೆ ಸಡಿಲ ಬಿಟ್ಟರು ಎಂದು ಗೊಣಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಾಳಿನಲ್ಲಿ ಬಾಳಿದ ಯಾರೂ ಒಪ್ಪುವುದಿಲ್ಲ. ಅಣ್ಣತಮ್ಮಂದಿರು ಕಾಲರ್ ಹಿಡಿದುಕೊಂಡಾಗ ಮೂರನೇ ಖೋಲಿಯ ಅತ್ತೆ ಲಟ್ಟಣಿಗೆ ಹಿಡಿದು ಹೊರಗೆ ಬಂದರೆ ಜಗಳ ನಿಲ್ಲುತ್ತಿತ್ತು. ಹಾಕ್ಸ್ ಎಂದೂ ಗಿರ್‌ಗಾಂವಿಗೆ ಬಂದವನಲ್ಲ, ಆದರೂ ಈ ಅತ್ತೆ ಅವನಿಗೆ ಹೇಗೆ ಗೊತ್ತಾದಳೋ.

ಅಪ್ಪ-ಮಗ ಆಯಿತು, ಇನ್ನು ಅಣ್ಣತಮ್ಮಂದಿರು. ಆಂಥನಿ ಮನ್‌ನ ‘ವಿಂಚೆಸ್ಟರ್ 73’ (1950) ಒಂದು ಬಂದೂಕಿನ ಕಥೆಯಂತೆ ಕಾಣುತ್ತದೆ. ಪಂದ್ಯದಲ್ಲಿ ಗೆದ್ದ ಬಂದೂಕು ಕಳುವಾಗಿ ಕೈಯಿಂದ ಕೈಗೆ ದಾಟುತ್ತದೆ, ಹಿಡಿದವರಿಗೆಲ್ಲ ಕೇಡು. ಜೇಮ್ಸ್ ಸ್ಟೀವರ್ಟ್ ಹುಡುಕುತ್ತಿರುವುದು ಬಂದೂಕನ್ನೋ ಬಂದೂಕು ಕದ್ದವನನ್ನೋ ಎಂದು ನಾವು ಯೋಚಿಸುತ್ತಿರುವಾಗ ಗುಟ್ಟು ಹೊರಬೀಳುತ್ತದೆ. ಕದ್ದವನು ಒಡಹುಟ್ಟಿದವನು, ಅಪ್ಪನನ್ನು ಬೆನ್ನಿಗೆ ಗುಂಡಿಟ್ಟು ಕೊಂದವನು. ಆಮೇಲೆ ಕಲ್ಲುಬಂಡೆಗಳ ನಡುವೆ ಇಬ್ಬರ ಗುಂಡಿನ ಕಾಳಗ. ಇಬ್ಬರಿಗೂ ಗುರಿ ಕಲಿಸಿದವನು ಅದೇ ಅಪ್ಪ ಎಂಬುದು ಅದರ ಘೋರ. ಇದೇ ಸಾಲಿನ ‘ಬ್ರೋಕನ್ ಲಾನ್ಸ್’ (1954) ನೋಡಿ: ಸ್ಪೆನ್ಸರ್ ಟ್ರೇಸಿ ಯಜಮಾನ, ಮೊದಲ ಹೆಂಡತಿಯ ಮಕ್ಕಳು ಒಂದು ಕಡೆ, ಮೂಲನಿವಾಸಿ ಎರಡನೇ ಹೆಂಡತಿಯ ಮಗ ಇನ್ನೊಂದು ಕಡೆ, ನಡುವೆ ಎಕರೆಗಟ್ಟಲೆ ಭೂಮಿ. ಮಜಾ ಏನೆಂದರೆ ಇದು 1949ರ ‘ಹೌಸ್ ಆಫ್ ಸ್ಟ್ರೇಂಜರ್ಸ್’ ಚಿತ್ರದ ಕಥೆಯೇ. ಅಲ್ಲಿ ಅಪ್ಪ ನ್ಯೂಯಾರ್ಕಿನ ಬ್ಯಾಂಕಿನವ. ಬ್ಯಾಂಕು ತೆಗೆದು ದನದ ಕೊಟ್ಟಿಗೆ ಇಟ್ಟರು, ಕಥೆಗೆ ಏನೂ ಕೊರತೆಯಾಗಲಿಲ್ಲ. ನಮ್ಮ ಹಿರಿಯರ ಸಿದ್ಧಾಂತಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಕುದುರೆ, ಟೋಪಿ, ಧೂಳು ಇವೆಲ್ಲ ಅಲಂಕಾರ. ಒಳಗಿರುವುದು ಪಾಲುಪಟ್ಟಿ.

“ನಮ್ಮೂರಿನಲ್ಲಿ ಈ ಪಿಚ್ಚರ್ ತೆಗೆದರೆ ಓಡುವುದಿಲ್ಲ” ಎಂದರು ಹಿರಿಯರು ಒಂದು ದಿನ. ಯಾಕೆ? ಅವರು ಬಂಟರು, ಅಳಿಯಸಂತಾನದವರು. ಅಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಯಜಮಾನಿಕೆ ಮಾವನದು, ಅವನ ನಂತರ ಅಳಿಯನದು. ಅಪ್ಪನ ಆಸ್ತಿಗಾಗಿ ಮಗ ಬಂದೂಕು ಎತ್ತುವ ಪ್ರಶ್ನೆಯೇ ಇಲ್ಲ, ಅಪ್ಪನ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳಿಗೆ! ಹಾಗಾದರೆ ಜಗಳ ಇರಲಿಲ್ಲ ಎಂದುಕೊಂಡಿರಾ? ಜಗಳ ಮಾವ-ಅಳಿಯನ ನಡುವೆ ಇತ್ತು, ಅಷ್ಟೇ ವ್ಯತ್ಯಾಸ. ಜಾನ್ ವೇಯ್ನ್ ಬಾರಕೂರಿನಲ್ಲಿ ಹುಟ್ಟಿದ್ದರೆ ಸೋದರಳಿಯನ ಬೆನ್ನು ಹತ್ತಿ ಕುದುರೆ ಓಡಿಸುತ್ತಿದ್ದ. 1949ರಲ್ಲಿ ಮದ್ರಾಸ್ ಸರ್ಕಾರದ ಅಳಿಯಸಂತಾನ ಕಾಯಿದೆ ಬಂತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ. ಮಕ್ಕಳಿಗೂ ಹಕ್ಕು, ಅಳಿಯಂದಿರಿಗೂ ಹಳೆಯ ನೆನಪು. ವಕೀಲರಿಗೆ ಹಬ್ಬ. ಈ ಹಬ್ಬದಿಂದ ಬೇಸತ್ತು ಮಂಗಳೂರಿನ ಬಸ್ಸು ಹತ್ತಿದ ಹುಡುಗರೆಷ್ಟೋ ಮಂದಿ ಮಲಾಡಿನಿಂದ ಮೀರಾ ರೋಡಿನವರೆಗೆ ಹೋಟೆಲು ನಡೆಸುತ್ತಿದ್ದಾರೆ. ಇಡ್ಲಿ ತಿನ್ನುವವರಿಗೆ ಅದರ ಹಿಂದಿನ ಪಂಚಾತಿಗೆ ಗೊತ್ತಿರುವುದಿಲ್ಲ.

ಊರು ಬಿಟ್ಟವನು, ಊರಲ್ಲಿ ಉಳಿದವನು ಎಂಬ ಮಾತು ಬಂತಲ್ಲ, ಒಂದು ದೃಶ್ಯ ಹೇಳಲೇಬೇಕು. ಸೆರ್ಜಿಯೊ ಲಿಯೋನೆಯ ‘ದಿ ಗುಡ್, ದಿ ಬ್ಯಾಡ್ ಆ್ಯಂಡ್ ದಿ ಅಗ್ಲಿ’ (1966) ಎಂದರೆ ಎಲ್ಲರಿಗೂ ನೆನಪಾಗುವುದು ಸ್ಮಶಾನದ ಕೊನೆಯ ಕಾಳಗ. ಮೂವರು, ಮೂರು ದಿಕ್ಕು, ಮೊರಿಕೋನೆಯ ಸಂಗೀತ, ಕಣ್ಣು, ಕೈ, ಮತ್ತೆ ಕಣ್ಣು. ನನಗೆ ನೆನಪಾಗುವುದು ಬೇರೆ. ಅರ್ಧದಲ್ಲೆಲ್ಲೋ, ಟುಕೋ ಎಂಬ ದರೋಡೆಕೋರ ಒಂದು ಮಠಕ್ಕೆ ಬರುತ್ತಾನೆ. ಆ ಮಠದ ಪಾದ್ರಿ ಅವನ ಒಡಹುಟ್ಟಿದವನು. ವರ್ಷಾನುಗಟ್ಟಲೆ ಆದ ಮೇಲಿನ ಭೇಟಿ. ಟುಕೋ ತಂದೆತಾಯಿಯರನ್ನು ವಿಚಾರಿಸುತ್ತಾನೆ. ತಾಯಿ ಎಂದೋ ಹೋದಳು, ತಂದೆ ಹೋಗಿ ಕೆಲವೇ ದಿನ, ಸಾಯುವಾಗ ನಿನ್ನನ್ನೇ ಕೇಳುತ್ತಿದ್ದ ಎನ್ನುತ್ತಾನೆ ಪಾದ್ರಿ. ಮಾತಿಗೆ ಮಾತು ಬೆಳೆಯುತ್ತದೆ. ನಮ್ಮಂಥ ಬಡವರಿಗೆ ಇದ್ದ ದಾರಿ ಎರಡೇ, ಪಾದ್ರಿಯಾಗುವುದು ಅಥವಾ ಕಳ್ಳನಾಗುವುದು, ನೀನು ನಿನ್ನದು ಹಿಡಿದೆ, ನಾನು ನನ್ನದು, ನನ್ನದೇ ಕಷ್ಟದ್ದು ಎಂಬರ್ಥದ ಮಾತು ಹೇಳಿ ಟುಕೋ ಹೊರಡುತ್ತಾನೆ. ಹೊರಗೆ ಗಾಡಿಯಲ್ಲಿ ಕಾದಿದ್ದ ಕ್ಲಿಂಟ್ ಈಸ್ಟ್‌ವುಡ್‌ನಿಗೆ ಅವನು ಹೇಳುವುದೇನು? ನನ್ನ ಅಣ್ಣನಿಗೆ ನನ್ನ ಮೇಲೆ ಪ್ರಾಣ, ಇಲ್ಲೇ ಉಳಿ ಎಂದ, ಊಟ ಹಾಕಿದ ಎಂದು ಬಡಾಯಿ. ಈಸ್ಟ್‌ವುಡ್‌ನಿಗೆ ಎಲ್ಲ ಕೇಳಿಸಿದೆ. ಅವನು ಏನೂ ಹೇಳದೆ ತನ್ನ ಚುಟ್ಟ ಅವನ ಕಡೆ ಚಾಚುತ್ತಾನೆ.

ಹಿರಿಯರಿಗೆ ಈ ದೃಶ್ಯದ ಮಾತು ತೆಗೆದರೆ ಆಗುವುದಿಲ್ಲ. ಎದ್ದು ಬಸ್ಸು ಹಿಡಿಯುವವರಂತೆ ಹೊರಟುಬಿಡುತ್ತಾರೆ. ಅವರ ಊರಿನ ಮನೆಯಲ್ಲಿ ಅಣ್ಣನಿದ್ದಾನೆಂದು ಮಾತ್ರ ಗೊತ್ತು. ನಾನು ಹೆಚ್ಚು ಕೆದಕಿಲ್ಲ. ಬೊಂಬಾಯಿಯ ನೂರು ಮನೆಗಳಲ್ಲಿ ಈ ಕಥೆ ಇದೆ. ತಂದೆಯ ತಲೆದೆಸೆಯಲ್ಲಿ ಯಾರಿದ್ದರು, ಹಣ ಯಾರು ಕಳಿಸಿದರು, ಎರಡರಲ್ಲಿ ಯಾವುದು ದೊಡ್ಡದು ಎಂಬ ಲೆಕ್ಕ ಯಾವ ಪಾಲುಪಟ್ಟಿಯಲ್ಲೂ ಬರುವುದಿಲ್ಲ.

ಲಿಯೋನೆಯ ಕಣ್ಣುಗಳಿಗೆ ಬರೋಣ. ಗುಂಡು ಹಾರುವ ಮೊದಲು ನಿಮಿಷಗಟ್ಟಲೆ ಕಣ್ಣಿನಲ್ಲಿ ಕಣ್ಣು ನೆಟ್ಟು ನೋಡುವ ಈ ಕಲೆಯನ್ನು ಅವನು ಕಂಡುಹಿಡಿದ ಎಂದು ಸಿನಿಮಾದವರು ಹೇಳುತ್ತಾರೆ. ಅವರು ಪಂಪನನ್ನು ಓದಿಲ್ಲ, ಪಾಪ. 941ರ ‘ಆದಿಪುರಾಣ’ದಲ್ಲಿ ಭರತ-ಬಾಹುಬಲಿಯರು ಎದುರಾದಾಗ ಸೈನ್ಯ ಸಾಯುವುದು ಬೇಡವೆಂದು ಮಂತ್ರಿಗಳು ಮೂರು ಪಂದ್ಯ ಗೊತ್ತು ಮಾಡುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೊದಲನೆಯದೇ ದಿಟ್ಟಿಸುವುದು! ಯಾರು ಮೊದಲು ರೆಪ್ಪೆ ಹೊಡೆಯುತ್ತಾರೋ ಅವರು ಸೋತರು. ತಮ್ಮ ಎತ್ತರದ ಆಳು, ಅಣ್ಣ ಮುಖವೆತ್ತಿ ನೋಡಬೇಕು, ಹಾಗಾಗಿ ಅಣ್ಣನ ರೆಪ್ಪೆ ಮೊದಲು ಬಿತ್ತು ಎಂದು ಕಥೆ ಹೇಳುವವರು ಸೇರಿಸುತ್ತಾರೆ. ಮೂರರಲ್ಲೂ ಸೋತ ಭರತ ನಿಯಮ ಮುರಿದು ಚಕ್ರ ಬಿಟ್ಟ. ಅದು ಬಾಹುಬಲಿಗೆ ಪ್ರದಕ್ಷಿಣೆ ಹಾಕಿ ನಿಂತಿತು. ಗೆದ್ದವನಿಗೆ ಗೆಲುವೇ ಹೇಸಿಗೆಯಾಗಿ, ರಾಜ್ಯವನ್ನು ಅಣ್ಣನಿಗೇ ಬಿಟ್ಟು ಕಾಡಿಗೆ ನಡೆದ. ‘ಶೇನ್’ (1953) ಚಿತ್ರದ ನಾಯಕ ಊರಿನ ಕೇಡಿಗಳನ್ನು ಮುಗಿಸಿ, ಹುಡುಗ ಕೂಗಿ ಕರೆದರೂ ನಿಲ್ಲದೆ ಬೆಟ್ಟದ ಕಡೆ ಕುದುರೆ ನಡೆಸಿದ್ದನ್ನು ನೋಡಿ ಅಮೆರಿಕದವರು ಅತ್ತರಂತೆ. ನಾವು ಅದೇ ಕೆಲಸ ಮಾಡಿದವನಿಗೆ 58 ಅಡಿಯ ವಿಗ್ರಹ ಕಡೆಸಿದೆವು. ಯಾರ ಅಭಿಮಾನ ದೊಡ್ಡದು?

ನಿಜವಾದ ಕಾಳಗಗಳು ಹೀಗೆಲ್ಲ ಇರುತ್ತಿರಲಿಲ್ಲ ಬಿಡಿ. ಅರಿಜೋನಾದ ಟೂಮ್‌ಸ್ಟೋನ್ ಊರಿನಲ್ಲಿ 1881ರ ಅಕ್ಟೋಬರ್ 26ರಂದು ಅರ್ಪ್ ಸಹೋದರರಿಗೂ ಕ್ಲಾಂಟನ್, ಮೆಕ್‌ಲಾರಿ ಸಹೋದರರಿಗೂ ಆದ ಗುಂಡಿನ ಕಾಳಗದ ಮೇಲೆ ಎಷ್ಟು ಚಿತ್ರ ಬಂದಿವೆಯೋ ಲೆಕ್ಕವಿಲ್ಲ. ಓ.ಕೆ. ಕೊರಾಲ್ ಎಂದು ಹೆಸರು, ನಡೆದದ್ದು ಕೊರಾಲಿನ, ಅಂದರೆ ದೊಡ್ಡಿಯ, ಒಳಗಲ್ಲ, ಹತ್ತಿರದ ಖಾಲಿ ಸೈಟಿನಲ್ಲಿ. ಮುಗಿಯಲು ಹಿಡಿದದ್ದು ಸುಮಾರು 30 ಸೆಕೆಂಡು. ಮೂವರು ಸತ್ತರು. ಎಲ್ಲರನ್ನೂ ಕೆಣಕಿ ಜಗಳ ಹಚ್ಚಿದ್ದ ಐಕ್ ಕ್ಲಾಂಟನ್ ಗುಂಡು ಹಾರತೊಡಗಿದ್ದೇ ಓಟ ಕಿತ್ತ. ಜಾನ್ ಫೋರ್ಡ್‌ನ ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ (1946) ಚಿತ್ರದಲ್ಲಿ ಮುದುಕ ಕ್ಲಾಂಟನ್ ಮಕ್ಕಳನ್ನು ಮುಂದಿಟ್ಟುಕೊಂಡು ನಡೆಸುವ ಭಯಂಕರ ಖಳ. ನಿಜದಲ್ಲಿ ಆ ಮುದುಕ ಕಾಳಗಕ್ಕೆ ಎರಡು ತಿಂಗಳು ಮೊದಲೇ ಸತ್ತಿದ್ದ. ಸತ್ತವನನ್ನೂ ಎಬ್ಬಿಸಿ ತರುತ್ತಾರೆ, ಯಾಕೆ? ಅಪ್ಪನಿಲ್ಲದೆ ಕುಟುಂಬದ ದ್ವೇಷಕ್ಕೆ ತೂಕ ಬರುವುದಿಲ್ಲ.

ನೀವು ಕೇಳಬಹುದು, ಮಲಾಡಿನಲ್ಲಿ ಕೂತು ಅರಿಜೋನಾ ಯಾಕೆ? ನಮ್ಮಲ್ಲಿ ಏನೂ ನಡೆದಿಲ್ಲವೇ? ನಡೆದಿದೆ ಸ್ವಾಮಿ, ಮಲಾಡ್ ಪಶ್ಚಿಮದಲ್ಲೇ ನಡೆದಿದೆ. ಸ್ಟೇಷನ್ನಿನ ಹೊರಗೆ ‘ಬಾಂಬೆ ಟಾಕೀಸ್ ಕಾಂಪೌಂಡ್’ ಎಂದರೆ ರಿಕ್ಷಾದವನಿಗೆ ಇಂದಿಗೂ ಗೊತ್ತು. ಅಲ್ಲೀಗ ಸಣ್ಣಪುಟ್ಟ ವರ್ಕ್‌ಶಾಪುಗಳು, ಗೋದಾಮುಗಳು, ಕೆಸರು. 1934ರಲ್ಲಿ ಅಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಗಂಡ-ಹೆಂಡತಿ ಸೇರಿ ಸ್ಟುಡಿಯೊ ಕಟ್ಟಿದರು. ಜರ್ಮನಿಯಿಂದ ನಿರ್ದೇಶಕ ಫ್ರಾಂಜ್ ಆಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಬಂದರು. ಕುದುರೆಗಾಡಿ ಓಡಾಡುತ್ತಿದ್ದ ಮಲಾಡಿನಲ್ಲಿ ಜರ್ಮನ್ ಭಾಷೆ! ಅವರೇ ಒಂದು ಚಿತ್ರಕ್ಕೆ ಸಾಲುವ ಸಾಮಗ್ರಿ, ಆದರೆ ನಿಜವಾದ ನಾಟಕ ಮನೆಯೊಳಗೆ. ದೇವಿಕಾ ರಾಣಿ ಸಹನಟ ನಜ್ಮುಲ್ ಹಸನ್ ಜೊತೆ ಹೊರಟುಹೋದರು. ಸ್ಟುಡಿಯೊದವರೇ ಆದ ಶಶಧರ್ ಮುಖರ್ಜಿ ಮಧ್ಯಸ್ಥಿಕೆ ಮಾಡಿ ಅವರನ್ನು ವಾಪಸು ಕರೆಸಿದರು. ನಾಯಕನ ಜಾಗ ಖಾಲಿಯಾಯಿತಲ್ಲ, ಅಲ್ಲಿಗೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ, ನಟನೆ ಬೇಡವೆಂದು ಹಿಂಜರಿಯುತ್ತಿದ್ದ ಹುಡುಗನನ್ನು ತಂದು ನಿಲ್ಲಿಸಿದರು. ಅವನೇ ಅಶೋಕ್ ಕುಮಾರ್, 1936ರ ‘ಜೀವನ್ ನೈಯಾ’. ಶಶಧರರು ಅಶೋಕರ ತಂಗಿಯ ಗಂಡ. ನೆಂಟಸ್ತಿಕೆ ಗಮನದಲ್ಲಿರಲಿ, ಮುಂದೆ ಬೇಕಾಗುತ್ತದೆ.

1939ರಲ್ಲಿ ಯುದ್ಧ ಶುರುವಾಗಿ ಜರ್ಮನರನ್ನು ಹಿಡಿದರು. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಯಜಮಾನ ಹೋದ. ಮುಂದಿನದು ಗೊತ್ತೇ ಇದೆಯಲ್ಲ? ಒಂದು ಕಡೆ ವಿಧವೆ ಯಜಮಾನಿ ದೇವಿಕಾ ರಾಣಿ, ಇನ್ನೊಂದು ಕಡೆ ಶಶಧರ್ ಮುಖರ್ಜಿ ಮತ್ತು ಭಾವ ಅಶೋಕ್ ಕುಮಾರ್. ಒಂದೇ ಸ್ಟುಡಿಯೊದಲ್ಲಿ ಎರಡು ಬಣ, ಚಿತ್ರ ತೆಗೆಯುವುದು ಸರದಿಯ ಮೇಲೆ. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. 1943ರಲ್ಲಿ ಶಶಧರರ ಬಣದ ‘ಕಿಸ್ಮತ್’ ಬಂತು, ಕಲ್ಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ನಾಯಕ ಜೇಬುಗಳ್ಳ, ಮನೆಬಿಟ್ಟು ಹೋದ ಮಗ, ಕೊನೆಗೆ ಅಪ್ಪ ಸಿಗುತ್ತಾನೆ. ತೆರೆಯ ಮೇಲೆ ಕುಟುಂಬ ಒಂದಾಯಿತು, ತೆರೆಯ ಹಿಂದೆ ಪಾಲಾಯಿತು. ಅದೇ ವರ್ಷ ಶಶಧರ್, ಅಶೋಕ್ ಮತ್ತು ಜೊತೆಯವರು ಹೊರಬಿದ್ದು ಫಿಲ್ಮಿಸ್ತಾನ್ ಕಟ್ಟಿದರು. ಎಲ್ಲಿ? ಗೋರೆಗಾಂವಿನಲ್ಲಿ, ಮಲಾಡಿನ ಪಕ್ಕದ ಸ್ಟೇಷನ್ನಿನಲ್ಲಿ! ಪಾಲಾದ ಅಣ್ಣತಮ್ಮಂದಿರು ಅದೇ ಅಂಗಳದಲ್ಲಿ ಗೋಡೆ ಎಬ್ಬಿಸುವುದನ್ನು ನೋಡಿಲ್ಲವೇ? ದೂರ ಹೋದರೆ ನಮ್ಮ ಏಳಿಗೆ ಅವರಿಗೆ ಕಾಣಿಸುವುದು ಹೇಗೆ?

ದೇವಿಕಾ ರಾಣಿ ಸುಮ್ಮನೆ ಕೂರಲಿಲ್ಲ. ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್‌ನನ್ನು ಕರೆತಂದು, ತಿಂಗಳಿಗೆ 1,250 ರೂಪಾಯಿ ಸಂಬಳ ಗೊತ್ತು ಮಾಡಿ, ದಿಲೀಪ್ ಕುಮಾರ್ ಎಂದು ಹೆಸರಿಟ್ಟು, 1944ರಲ್ಲಿ ‘ಜ್ವಾರ್ ಭಾಟಾ’ದಲ್ಲಿ ತೆರೆಗೆ ತಂದರು. 1945ರಲ್ಲಿ ಎಲ್ಲ ಬಿಟ್ಟು ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ರನ್ನು ಮದುವೆಯಾದರು. ಎರಡು ವರ್ಷ ಕಳೆದು ಮಲಾಡಿಗೆ ವಾಪಸು ಬಂದು ಸ್ಟುಡಿಯೊ ಹಿಡಿದವರು ಯಾರು ಅಂದುಕೊಂಡಿರಿ? ಅದೇ ಅಶೋಕ್ ಕುಮಾರ್. 1949ರ ‘ಮಹಲ್’ ಅಲ್ಲೇ ಆಯಿತು. 1950ರ ‘ಸಂಗ್ರಾಮ್’ನಲ್ಲಿ ಅಶೋಕ್ ಕುಮಾರ್ ಪೊಲೀಸ್ ಅಧಿಕಾರಿಯ ದಾರಿ ತಪ್ಪಿದ ಮಗ. ಕೊನೆಗೆ ಅವನ ಮೇಲೆ ಗುಂಡು ಹಾರಿಸುವವನು ಅಪ್ಪನೇ. ‘ವಿಂಚೆಸ್ಟರ್ 73’ ಬಂದ ವರ್ಷವೇ, ಮಲಾಡಿನಲ್ಲಿ, ಕುದುರೆಯ ಹಂಗಿಲ್ಲದೆ.

ಅಲ್ಲಿಂದ ಒಂದು ಸಾಲೇ ಹೊರಟಿತು. ದಿಲೀಪ್ ಕುಮಾರ್ ತಾನೇ ಬರೆದು ನಿರ್ಮಿಸಿದ ‘ಗಂಗಾ ಜಮುನಾ’ (1961) ಚಿತ್ರದಲ್ಲಿ ಅಣ್ಣ ಡಕಾಯಿತ, ತಮ್ಮ ಪೊಲೀಸ್. ತಮ್ಮನಾಗಿದ್ದವರು ಸ್ವಂತ ತಮ್ಮ ನಾಸಿರ್ ಖಾನ್. 1975ರಲ್ಲಿ ‘ದೀವಾರ್’. ಅಲ್ಲೂ ಅಣ್ಣನ ಮೇಲೆ ಗುಂಡು ಹಾರಿಸುವವನು ತಮ್ಮ ಇನ್‌ಸ್ಪೆಕ್ಟರ್. 1982ರ ‘ಶಕ್ತಿ’ಯಲ್ಲಿ ದಿಲೀಪ್ ಕುಮಾರರೇ ಪೊಲೀಸ್ ಅಪ್ಪನಾಗಿ ಮಗನನ್ನು ಹೊಡೆದರು. ನಮ್ಮ ಕನ್ನಡದ ‘ಗಂಧದ ಗುಡಿ’ (1973) ಮಾತ್ರ ಕಾಡಿಗೆ ಹೋಯಿತು. ಅರಣ್ಯಾಧಿಕಾರಿ ರಾಜ್‌ಕುಮಾರ್, ಎದುರು ಪಾಳಯದಲ್ಲಿ ವಿಷ್ಣುವರ್ಧನ್, ಇಬ್ಬರೂ ಒಡಹುಟ್ಟಿದವರು. ಅದನ್ನು ನಾನು ಕನ್ನಡದ ನಿಜವಾದ ಕೌಬಾಯ್ ಚಿತ್ರ ಎನ್ನುತ್ತೇನೆ. ದ್ವಾರಕೀಶರ ‘ಕೌಬಾಯ್ ಕುಳ್ಳ’ ಎಂದು ಕಟ್ಟೆಯ ಮೇಲಿನ ಎದುರಾಳಿಗಳು ವಾದಿಸುತ್ತಾರೆ. ಟೋಪಿ ಇದ್ದರೆ ಸಾಕೇ?

ಟೋಪಿಯ ಮಾತಿಗೆ ಫಿರೋಜ್ ಖಾನ್ ಬಂದರು. ‘ಖೋಟೆ ಸಿಕ್ಕೆ’ (1974), ‘ಕಾಲಾ ಸೋನಾ’ (1975) ಮಾಡಿದ ಹಿಂದಿ ತೆರೆಯ ಅಪ್ಪಟ ಕೌಬಾಯ್ ಹುಟ್ಟಿದ್ದು ಬೆಂಗಳೂರಿನಲ್ಲಿ, 2009ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ‘ಶೋಲೆ’ಯ ರಾಮಗಢ ನಮ್ಮ ರಾಮನಗರದ ಬಂಡೆಗಳು. ಅದೂ ಕುಟುಂಬದ ಸೇಡೇ ಅಲ್ಲವೇ? ಠಾಕೂರನ ಮನೆಮಂದಿಯನ್ನು ಗಬ್ಬರ್ ಕೊಂದ. ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರನನ್ನು ತುಳಿದು ಕೊಲ್ಲುವಂತೆ ಮೊದಲು ಚಿತ್ರೀಕರಿಸಿದ್ದರು. ಮಾಜಿ ಪೊಲೀಸ್ ಅಧಿಕಾರಿ ಕಾನೂನು ಕೈಗೆ ತೆಗೆದುಕೊಳ್ಳಬಾರದೆಂದು ಸೆನ್ಸಾರಿನವರು ಅಡ್ಡ ಬಂದು ಕೊನೆ ಬದಲಾಯಿತು. ಧರ್ಮಸಂಕಟ ಪಾತ್ರಕ್ಕಿಂತ ಮೊದಲು ಸೆನ್ಸಾರಿಗೆ ಬಂದ ಪ್ರಸಂಗ ಇದೊಂದೇ ಇರಬೇಕು.

ಹಾಗೆ ನೋಡಿದರೆ ಮಲಾಡಿನ ರಾಣಿಯೂ ಕೊನೆಗೆ ಬಂದು ನೆಲೆಸಿದ್ದು ರಾಮನಗರಕ್ಕೆ ಹೆಚ್ಚು ದೂರವಲ್ಲದ ಕಡೆಗೇ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಗೆ. ರೋರಿಕ್ ದಂಪತಿಯದು 450 ಎಕರೆಗೂ ಮೀರಿದ ಎಸ್ಟೇಟು, ಸುಗಂಧದ ಎಣ್ಣೆಗಾಗಿ ಬೆಳೆಸಿದ ಲಿನಾಲೋ ಮರಗಳು. 1993ರಲ್ಲಿ ರೋರಿಕ್, 1994ರಲ್ಲಿ ದೇವಿಕಾ ರಾಣಿ ತೀರಿಕೊಂಡರು. ಮಕ್ಕಳಿಲ್ಲ. ಇಷ್ಟು ಭೂಮಿ, ಯಜಮಾನರಿಲ್ಲ, ಬೆಂಗಳೂರಿನ ಅಂಚು ಬೇರೆ. ಹಾಲಿವುಡ್ಡಾಗಿದ್ದರೆ ಮೂರು ಕಡೆಯಿಂದ ಕುದುರೆ ಬರುತ್ತಿದ್ದವು, ಇಲ್ಲಿ ವಕೀಲರು ಬಂದರು. ಆ ಎಸ್ಟೇಟಿಗಾಗಿಯೇ 1996ರಲ್ಲಿ ಕರ್ನಾಟಕ ಸರ್ಕಾರ ಪ್ರತ್ಯೇಕ ಕಾಯಿದೆ ಮಾಡಿ ವಶಪಡಿಸಿಕೊಂಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಗಿ, 2011ರ ಆಗಸ್ಟ್‌ನಲ್ಲಿ ಸರ್ಕಾರದ ಪರ ತೀರ್ಪಾಯಿತು. ಹಿರಿಯರು ಹೇಳಿದ್ದು ನೆನಪಿದೆಯಲ್ಲ, ಕೋರ್ಟಿದ್ದರೆ ಬೇಗ ಮುಗಿಯುವುದಿಲ್ಲ ಎಂದು.

ಮಲಾಡಿನ ಕಥೆಯೂ ಮುಗಿದಿಲ್ಲ. ಬಾಂಬೆ ಟಾಕೀಸ್ 1950ರ ದಶಕದಲ್ಲಿ ಮುಚ್ಚಿತು, ಆದರೆ ಕುಟುಂಬ ಕಲಹದ ಉತ್ಪಾದನೆ ನಿಂತಿತೇ? ಸ್ವಲ್ಪ ಪಶ್ಚಿಮಕ್ಕೆ, ಮಾರ್ವೆ ರೋಡು ಹಿಡಿದು ಮಢ್ ದ್ವೀಪದ ಕಡೆ ಹೋಗಿ ನೋಡಿ. ಅಲ್ಲಿಯ ಬಂಗಲೆಗಳಲ್ಲಿ ಧಾರಾವಾಹಿಗಳ ಅತ್ತೆ-ಸೊಸೆ, ದೊಡ್ಡಪ್ಪ-ಚಿಕ್ಕಪ್ಪಂದಿರು ದಿನಕ್ಕೆ ಎರಡು ಪಾಳಿಯಲ್ಲಿ ಕಚ್ಚಾಡುತ್ತಿರುತ್ತಾರೆ. ಪಿಸ್ತೂಲಿನ ಬದಲು ಕ್ಯಾಮೆರಾ ಮೂರು ಸಲ ಮುಖಕ್ಕೆ ಧಾವಿಸುತ್ತದೆ. ಲಿಯೋನೆಯ ದೃಷ್ಟಿಯುದ್ಧ ಕೊನೆಗೆ ಬಂದು ಬಿದ್ದದ್ದು ಇಲ್ಲಿ.

ಇಷ್ಟೆಲ್ಲ ಹೇಳಿ, ಎಲ್ಲಕ್ಕಿಂತ ನನಗಿಷ್ಟವಾದ ಚಿತ್ರದ ಹೆಸರನ್ನೇ ಹೇಳಲಿಲ್ಲ. ವಿಲಿಯಂ ವೈಲರ್‌ನ ‘ದಿ ಬಿಗ್ ಕಂಟ್ರಿ’ (1958). ಎರಡು ಕುಟುಂಬ, ಇಬ್ಬರು ಮುದುಕರು, ಮಧ್ಯೆ ಒಂದು ನೀರಿನ ಮೂಲ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಮಲಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ಮೇ ತಿಂಗಳಲ್ಲಿ ನಮ್ಮ ಎರಡು ವಿಂಗುಗಳ ನಡುವೆ ಇದೇ ನಡೆಯುತ್ತದೆ. ಹೊರಗಿನಿಂದ ಬಂದ ಹಡಗಿನ ಕಪ್ತಾನ ಗ್ರೆಗರಿ ಪೆಕ್ ಎಲ್ಲರೆದುರು ಶೌರ್ಯ ತೋರಿಸಲು ಒಪ್ಪುವುದಿಲ್ಲ. ಹಟಮಾರಿ ಕುದುರೆಯನ್ನು ಮನೆಯವರು ಯಾರೂ ನೋಡದಾಗ ಪಳಗಿಸುತ್ತಾನೆ, ಚಾರ್ಲ್‌ಟನ್ ಹೆಸ್ಟನ್ ಜೊತೆ ನಸುಕಿನಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲದೆ ಹೊಡೆದಾಡುತ್ತಾನೆ. ಬರ್ಲ್ ಐವ್ಸ್‌ನ ಮುದುಕ ಹ್ಯಾನಸ್ಸಿ, ಮೋಸದಿಂದ ಮೊದಲೇ ಗುಂಡು ಹಾರಿಸಿದ ಸ್ವಂತ ಮಗನನ್ನು ತಾನೇ ಕೊಂದು, ಅವನ ಹೆಣ ತಬ್ಬಿಕೊಳ್ಳುವ ದೃಶ್ಯಕ್ಕೆ ಆಸ್ಕರ್ ಕೊಟ್ಟದ್ದು ಸರಿಯಾಗಿದೆ. ಆ ಚಿತ್ರವನ್ನು ಪೆಕ್ ಮತ್ತು ವೈಲರ್ ಪಾಲುದಾರರಾಗಿ ತೆಗೆದರು, ತೆಗೆಯುವಾಗಲೇ ಜಗಳವಾಡಿ ಬಹುಕಾಲ ಮಾತು ಬಿಟ್ಟರು. ಪಾಲುದಾರಿಕೆ ಎಂದರೆ ಮತ್ತೇನು? ನೋಡಿಲ್ಲದಿದ್ದರೆ ನೋಡಿ. 166 ನಿಮಿಷ ಇದೆ, ಊಟ ಮುಗಿಸಿಯೇ ಕೂರಿ. ಅಣ್ಣತಮ್ಮಂದಿರ ಜೊತೆ ಕೂತು ನೋಡುವುದಾದರೆ, ಜಮೀನಿನ ಮಾತು ಮೊದಲೇ ಮುಗಿಸಿಕೊಳ್ಳಿ.